ಮಾರಿದ ಕಾರು

ಕ್ರೊತೋನೆ ಬಿಟ್ಟಾಗ ಬಿಸಿಲು ಇನ್ನೂ ಎಳೆಯದು.
ಕಾರು ಆಗಲೇ ನಮ್ಮದಲ್ಲ.
ಮುಂಗಡ ಹಣದಲ್ಲೇ ಪೆಟ್ರೋಲು ತುಂಬಿಸಿ
ಮೆಲಿತೋದ ಮೀನುಗಾರನಿಗೆ ಒಪ್ಪಿಸಲು ಹೊರಟಿದ್ದೇವೆ,
ಒಬ್ಬನ ಕೆಲಸಕ್ಕೆ ನಾಲ್ವರು.

ಎಡಕ್ಕೆ ಸಮುದ್ರ, ಕಣ್ಣು ಬಿಡಲಾಗದ ಬೆಳಕು.
ಬಲಕ್ಕೆ ನೀರಿಲ್ಲದ ಹೊಳೆಗಳು, ಒಂದಾದ ಮೇಲೊಂದು,
ಕಣಗಿಲೆ ಹೊದ್ದು ಬಿದ್ದುಕೊಂಡಿವೆ.
ಹಿಂದಿನ ಗಾಜು ಇಳಿಯುತ್ತದೆ, ಏರುವುದಿಲ್ಲ;
ತಿಂದಾರಾ ಎರಡೂ ಅಂಗೈ ಒತ್ತಿ ಮೇಲೆತ್ತುತ್ತಾಳೆ
ಮಗುವಿನ ಚಡ್ಡಿ ಏರಿಸಿದ ಹಾಗೆ.
"ಅವನಿಗೆ ಹೇಳಿಕೊಡಬೇಕು ಈ ಉಪಾಯ."
"ಬೇಡ," ಅಂದ ಸವೇರಿಯೊ. ಕಾರು ಅವನದು.

ಸಿದೆರ್ನೊದಲ್ಲಿ ಪೀಚ್ ಹಣ್ಣು ಕೊಂಡೆವು.
ರಸ ಸೀಟಿನ ಮೇಲೆ ಸೋರಿತು, ಯಾರೂ ಒರೆಸಲಿಲ್ಲ.
ಬ್ರಾಂಕಲಿಯೋನೆ ದಾಟಿದ ಮೇಲೆ
ಲಾರಿಗಳು ನಮ್ಮನ್ನು ಹಿಂದೆ ಹಾಕತೊಡಗಿದವು,
ಆಮೇಲೆ ಹುಲ್ಲು ಹೇರಿದ ಟ್ರ್ಯಾಕ್ಟರು,
ಆಮೇಲೆ ಸೈಕಲ್ಲಿನ ಮುದುಕ,
ಟೋಪಿ ಎತ್ತಿ ವಂದಿಸಿಯೇ ಹೋದ.
ಇಷ್ಟು ನಿಧಾನ ಯಾಕೆಂದು
ಒಬ್ಬರೂ ಕೇಳಲಿಲ್ಲ.

ಮೀನುಗಾರ ಟೈರಿಗೆ ಒದ್ದು ನೋಡಿದ,
ಎಂಜಲು ಹಚ್ಚಿ ನೋಟು ಎಣಿಸಿದ.
ಕೀ ಕೊಟ್ಟು ಹತ್ತು ಹೆಜ್ಜೆ ನಡೆದ ಸವೇರಿಯೊ
ತಿರುಗಿ ಹೋದ. ಅಂಗೈ ಎಲ್ಲಿಡಬೇಕು,
ಎಷ್ಟು ಒತ್ತಬೇಕು,
ಎರಡೆರಡು ಸಲ ತೋರಿಸಿದ.

ಸಂಜೆಯ ರೈಲಿನಲ್ಲಿ ಅದೇ ಸಮುದ್ರ, ಈಗ ಬಲಕ್ಕೆ.
ಇದರ ಕಿಟಕಿ ತೆರೆಯುವುದೇ ಇಲ್ಲ.
ನೀಲೊ ಪೀಚಿನ ಗೊರಟೆಯನ್ನು
ಇನ್ನೂ ಕೈಯಲ್ಲೇ ಹಿಡಿದು ಕೂತಿದ್ದಾನೆ,
ಎಲ್ಲಿ ಎಸೆಯಬೇಕೆಂದು ತೋಚದೆ.