ದಮ್ಮಿಗಲ್ಲ, ಧೂಳಿಗೆ

ರಾತ್ರಿ ಎರಡೂಕಾಲು. ಹೊಸೂರು ರಸ್ತೆಯ ಲಾರಿಗಳು
ಕಿಟಕಿ ಗಾಜನ್ನು ಸಣ್ಣಗೆ ನಡುಗಿಸುತ್ತಿವೆ.
ಮುನಿಚೌಡಪ್ಪ ಮೂರನೇ ಸಲ ಮಂಚ ಗುದ್ದಿ
"ಗೋಡೆಯೊಳಗೆ ಯಾರೋ ನನ್ನೆಸರು ಕೂಗ್ತಾವ್ರೆ" ಅಂದ.

ಹಿಡಿದು ಕಟ್ಟುವುದು ಬೇಡ, ಸೂಜಿಯೂ ಬೇಡ,
ಹೊಸದು ಬಂದಿದೆ: ಅಂಗೈಯಷ್ಟು ಬಿಳಿ ಡಬ್ಬಿ.
ತುಟಿಗಿಟ್ಟು ಒಂದೇ ಒಂದು ಉದ್ದ ಉಸಿರು ಎಳೆದರೆ
ಹತ್ತು ನಿಮಿಷಕ್ಕೆ ಗೋಡೆ ಬರೀ ಗೋಡೆ.
ಆದರೆ ಎದೆಗೂಡು ಒಪ್ಪಬೇಕು.

ಡಾಕ್ಟರ ಬೆರಳು ಸೀಲಿನ ಮೇಲಿತ್ತು.
"ದಮ್ಮು ಐತೇನಮ್ಮ ಇವರಿಗೆ?" ಅಂದೆ.
"ಇಲ್ಲ ಸಿಸ್ಟರ್," ಅಂದಳು ತಂಗಿ ಪಿಳ್ಳಮ್ಮ
ಅವನ ಅಂಗಿ ಮಡಚುತ್ತಾ.
ಜೇಬಿನಿಂದ ಜಾರಿ ಬಿತ್ತು
ನೀಲಿ ಪಂಪು, ಮೂತಿಗೆಲ್ಲ ರಾಗಿಹಿಟ್ಟು.
"ಅದು ದಮ್ಮಿಗಲ್ಲ. ಗಿರಣಿ ಧೂಳಿಗೆ."

ಬಿಳಿ ಡಬ್ಬಿ ಬೀರುವಿಗೆ ವಾಪಸು ಹೋಯಿತು.
ಕೊನೆಗೆ ಸೂಜಿಯೇ. ನೋವಾಗುವಷ್ಟು
ಬಿಗಿಯಾಗಿ ನನ್ನ ಕೈ ಹಿಡಿದಿದ್ದ,
ಬಿಡಿಸಿಕೊಳ್ಳಲಿಲ್ಲ ನಾನು.

ಈಗ ಮಲಗಿದ್ದಾನೆ.
ಕಾಲುಗಂಟೆಗೊಮ್ಮೆ ಬಗ್ಗಿ ಕೇಳುತ್ತೇನೆ:
ಒಳಗೆ ಸಿಳ್ಳೆ ಇಲ್ಲ.
ಪಿಳ್ಳಮ್ಮ ಸೆರಗಿನ ತುದಿಯಿಂದ
ನೀಲಿ ಪಂಪಿನ ಮೂತಿ ಒರೆಸುತ್ತಾ ಕೂತಿದ್ದಾಳೆ,
ಒರೆಸಿದಷ್ಟೂ ಹಿಟ್ಟು.