ಎರಡೂವರೆ ಪಟ್ಟು

ಕಬನಾತುವಾನ್ ಕೋರ್ಟಿನ ಫ್ಯಾನು
ಕಡತದ ಮೂಲೆ ಎತ್ತೆತ್ತಿ ನೋಡುತ್ತಿದೆ.
ಹೇಳಿದ್ದಷ್ಟೇ ಬೆರಳಚ್ಚಿಸುವವಳು ನಾನು.

ಸೂತ್ರ ಇಷ್ಟೇ: ಸರಾಸರಿ ಬೆಳೆಯ ಎರಡೂವರೆ ಪಟ್ಟು,
ಭತ್ತದ ಚೀಲಕ್ಕೆ ಮೂವತ್ತೈದು ಪೆಸೊ,
ಎಪ್ಪತ್ತೆರಡರ ದರ.
ಗದ್ದೆ ಕಳೆದುಕೊಂಡವರಿಗೆ ಅದೇ ನ್ಯಾಯದ ಬೆಲೆ.

"ಹೆಕ್ಟೇರಿಗೆ ಎಷ್ಟು ಬರುತ್ತಿತ್ತು?"
ಗೇಣಿದಾರ ಎಲ್ಪಿಡಿಯೊ, ಎಂಬತ್ತೊಂದು,
ಟೋಪಿಯ ಅಂಚನ್ನು ಒಂದು ಸುತ್ತು ತಿರುಗಿಸಿದ.
"ಪುಸ್ತಕದಲ್ಲಿ ನಲವತ್ತು."
"ಕಣದಲ್ಲಿ?"

ಅವನು ಮಾತಾಡಲಿಲ್ಲ.
ಮಾತಾಡಿದ್ದು ಧಣಿಯ ಮಗಳು ಪ್ರಿಮಿಟಿವಾ,
ಕುಳಿತಲ್ಲಿಂದಲೇ, ಯಾರೂ ಕೇಳದೆ:
"ಅಮ್ಮನ ಹತ್ತಿರ ಎರಡು ಕೊಳಗ ಇದ್ದವು.
ಕೊಡಲೊಂದು, ಕೊಳ್ಳಲೊಂದು."

ನ್ಯಾಯಾಧೀಶರು ಕೈಯೆತ್ತಿದರು: ಇದನ್ನು ಬರೆಯಬೇಡ.
ಬೆರಳು ಆಗಲೇ ಬರೆದಾಗಿತ್ತು.

"ಐವತ್ತೆರಡು," ಎಂದ ಎಲ್ಪಿಡಿಯೊ.
"ಮಿಕ್ಕ ಹನ್ನೆರಡು ರಾತ್ರಿ ಹೊತ್ತು
ನನ್ನವಳ ಬೆನ್ನೇರಿ ಬಾತುಕೋಳಿ ಗೂಡಿನ ಹಿಂದಕ್ಕೆ."

ಅವನ ವಕೀಲ ತೋಳು ಜಗ್ಗಿದ: ತಾತಾ,
ಬೆಲೆ ಏರಿದರೆ ಕಂತು ಕಟ್ಟುವವನು ನೀನೇ.
"ಗೊತ್ತು. ಆದರೆ ಆ ಗದ್ದೆ
ನಲವತ್ತಕ್ಕೆ ನಿಲ್ಲುವಂಥದ್ದಲ್ಲ.
ಅದರ ಹೆಸರು ಕೆಡಿಸಬೇಡಿ."

ಐದು, ಎರಡು. ಒತ್ತಿದೆ.
ಸಾಲದ ಕಡೆಗೋ ಗೌರವದ ಕಡೆಗೋ,
ಕಾಗದ ಒಂದು ಗೆರೆ ಮೇಲೆ ಸರಿಯಿತು.