ಗಾಳಿ ಬಿಡಿಸಿದ್ದು

ಹಟ್ಟಾ ದಾಟಿ ಸ್ವಲ್ಪ ದೂರ. ರಾತ್ರಿ ಮೂರೂಕಾಲು.
ಲಾರಿ ಮೊದಲು ಬಿಕ್ಕಿತು,
ಆಮೇಲೆ ಏನೋ ಮರೆತವರ ಹಾಗೆ ನಿಧಾನವಾಯಿತು,
ಆಮೇಲೆ ಚಕ್ರದಡಿ ಜಲ್ಲಿಯ ಸದ್ದಷ್ಟೇ.

ಎಪ್ಪತ್ನಾಲ್ಕರ ಬೆಡ್‌ಫೋರ್ಡ್. ಮುಳ್ಳು ಕಾಲು ಟ್ಯಾಂಕು ತೋರಿಸುತ್ತಿತ್ತು,
ಏಳು ವರ್ಷದಿಂದಲೂ ಅದು ಕಾಲು ಟ್ಯಾಂಕೇ ತೋರಿಸುತ್ತಿದೆ.
ಟ್ಯಾಂಕಿಗೆ ಇಳಿಸಿ ನೋಡುವ ಕೋಲು
ಓಯೆನ್‌ನ ಶೆಡ್ಡಿನ ಬಾಗಿಲಿಗೆ ಒರಗಿಕೊಂಡು ಅಲ್ಲೇ ನಿಂತಿತ್ತು.
'ಅದು ನಿನ್ನ ಕೆಲಸ' ಅಂದಳು ಲೋರ್ನಾ ಟ್ರೆಗೆನ್ಜಾ.
ನನ್ನದೇ. ಸುಮ್ಮನಿದ್ದೆ.

ಹಿಂದೆ ತೊಂಬತ್ತಾರು ಪೆಟ್ಟಿಗೆ, ಮೇಲೆ ಬಲೆ,
ಆಗಸ್ಟಿನ ಚಳಿಗೆ ಮುದ್ದೆಯಾಗಿ ಕೂತ ಜೇನು.
ಬಾದಾಮಿ ತೋಟದವರು ಬೆಳಗಾಗುವುದರೊಳಗೆ ಬನ್ನಿ ಅಂದಿದ್ದರು.
ಅದಲ್ಲ ವಿಷಯ. ಇಲ್ಲಿ ಬಿಸಿಲು ತಗುಲಿದರೆ
ಬಲೆಯ ತೂತು ಹುಡುಕಿ ಒಂದೊಂದೇ ಹೊರಬರುತ್ತವೆ,
ಲಾರಿಗೆ ಮುಖ ಮಾಡಿ ತೂಗಾಡುತ್ತ
ಮರ, ಕಂಬ, ರಸ್ತೆಯ ಬಿಳಿ ಗೆರೆ ಗುರುತಿಟ್ಟುಕೊಳ್ಳುತ್ತವೆ.
ಆಮೇಲೆ ಅವಕ್ಕೆ ಇದೇ ಊರು.
ಲಾರಿ ಹೋದ ಮೇಲೂ ಇಲ್ಲಿಗೇ ಮರಳಿ
ಸಂಜೆತನಕ ಬಯಲನ್ನು ಸುತ್ತುತ್ತವೆ.

ಟ್ರೇಲರಿನಲ್ಲಿ ಪೆಟ್ಟಿಗೆ ಎತ್ತುವ ಲೋಡರು.
ಅದರ ಟ್ಯಾಂಕಿಗೆ ಪೈಪು ಇಳಿಸಿ ಬಾಯಲ್ಲಿ ಎಳೆದೆ.
ಎರಡನೆಯ ಸಲ ಬಂತು, ನಾಲಗೆಯ ಬುಡದವರೆಗೆ.
ಐವತ್ತು ವರ್ಷ ಜೇನು ಸಾಕಿದ ಲೋರ್ನಾ ಜೇನು ತಿನ್ನುವವಳಲ್ಲ;
ಜೇಬಿನಿಂದ ಒಂದು ಪೆಪ್ಪರ್‌ಮಿಂಟು ಕೊಟ್ಟಳು,
ಅದಕ್ಕೂ ಹೊಗೆಡಬ್ಬಿಯ ವಾಸನೆ.

ಎಣ್ಣೆ ಹಾಕಿದ ಕೂಡಲೆ ಹೊರಡುವ ಜಾತಿಯಲ್ಲ ಇದು.
ಡೀಸೆಲ್ ಗಾಡಿಗೆ ಹೊಟ್ಟೆ ಖಾಲಿಯಾದರೆ ಗಾಳಿ ಹಿಡಿಯುತ್ತದೆ,
ಚಳ್ಳಕೆರೆ ಕಡೆ ಮನುಷ್ಯರಿಗೆ ಹಿಡಿಯುವ ಹಾಗೆ,
ಮುಸ್ಸಂಜೆ, ಹಸಿದು, ಮೂರು ದಾರಿ ಕೂಡುವಲ್ಲಿ ನಡೆದವರಿಗೆ.
ಓಬಳಯ್ಯ ಬೇವಿನ ಸೊಪ್ಪು ಹಿಡಿದು ಕೂತು
ಜುಟ್ಟು ಎಳೆದು ಕೇಳುತ್ತಿದ್ದ: ಯಾವೂರು ನಿಂದು?
ಬಿಟ್ಟು ಹೋಗ್ತೀಯಾ, ಇಲ್ವಾ?
ಹೋಗೋದಾದರೆ ಎಲ್ಲಿಗೆ, ಅದನ್ನೂ ಹೇಳು.

'ಗಾಳಿ ಹಿಡಿದಿದೆ' ಅಂದೆ ಇಂಗ್ಲಿಷಿನಲ್ಲಿ.
'ಹೂಂ, ಪೈಪಿನಲ್ಲಿ' ಅಂದಳು ಲೋರ್ನಾ,
ಬಾನೆಟ್ಟಿಗೆ ಕೋಲು ಕೊಟ್ಟಳು.

ಫಿಲ್ಟರಿನ ತಲೆಯ ಸ್ಕ್ರೂ ಎರಡು ಸುತ್ತು ಸಡಿಲ.
ಟಾರ್ಚು ಹಲ್ಲಲ್ಲಿ. ಕೈಪಂಪಿನ ಲಿವರು ಬೆರಳಲ್ಲಿ,
ಒತ್ತು, ಬಿಡು. ಒತ್ತು, ಬಿಡು.
ಮೊದಲು ಏನೂ ಇಲ್ಲ. ಆಮೇಲೆ ಉಸ್ ಎಂದಿತು.
ಆಮೇಲೆ ನೊರೆ, ಹಾಲುಕ್ಕುವ ಮುಂಚಿನಂಥದು,
ಆಮೇಲೆ ಗುಳ್ಳೆಗಳು, ಹೆಸರುಕಾಳಿನಷ್ಟು, ಸಾಸಿವೆಯಷ್ಟು.
ಒಂದು ಮಾತ್ರ ಒಡೆಯದೆ ಅಂಚಿನಲ್ಲೇ ನಿಂತಿತು.
ಯಾವೂರು ನಿಂದು, ಅಂದೆ, ಟಾರ್ಚು ಕಚ್ಚಿಕೊಂಡೇ.
ಬೆರಳು ಮರಗಟ್ಟಿ ಎಣಿಕೆ ತಪ್ಪಿದ ಮೇಲೆ ಬಂತು
ಎಣ್ಣೆ, ಎಳೆ ಕಡಿಯದ ಹಾಗೆ.

ಸೆಲ್ಫು ಹೊಡೆದಳು. ಸುತ್ತಿತು, ಹಿಡಿಯಲಿಲ್ಲ.
'ಸಾಕು, ಬ್ಯಾಟರಿ ಸಾಯುತ್ತೆ!'
ಇಂಜೆಕ್ಟರಿಗೆ ಹೋಗುವ ಆರು ಸಪೂರ ಪೈಪು, ಆರು ನಟ್ಟು,
ಒಂದೊಂದಕ್ಕೂ ಅರ್ಧ ಸುತ್ತು. ಈಗ ಹೊಡಿ.
ಒಂದನೆಯದು ಬೇಗ ಉಗುಳಿತು, ನನ್ನ ಕನ್ನಡಕಕ್ಕೇ.
ಐದನೆಯದಕ್ಕೆ ಹಟ.
ಅಷ್ಟರಲ್ಲಿ ಮೂಡಲು ಬೂದಿಬಣ್ಣಕ್ಕೆ ತಿರುಗಿತ್ತು,
ಬಲೆಯೊಳಗಿನ ಗುಂಯ್ಗುಡುವಿಕೆ ಒಂದು ಮನೆ ಮೇಲೇರಿತ್ತು.
ಲೋರ್ನಾಗೂ ಕೇಳಿಸಿತು. ಇಬ್ಬರೂ ಅದರ ಮಾತೆತ್ತಲಿಲ್ಲ.

ನಟ್ಟು ಬಿಗಿದೆ. ಹೊಡೆದಳು.
ಒಂದು ಸಿಲಿಂಡರು ಕೆಮ್ಮಿತು.
ದೂರದಿಂದ ಎಂಬಂತೆ ಇನ್ನೊಂದು ಓಗೊಟ್ಟಿತು.
ಬಿಳಿ ಹೊಗೆ ರಸ್ತೆಗಡ್ಡವಾಗಿ ಮಲಗಿತು,
ಆರೂ ಕೂಡಿದಾಗ ಕನ್ನಡಿಗಳು ನಡುಗಿದವು,
ಕಾಲು ಟ್ಯಾಂಕಿನ ಮುಳ್ಳು ಮಾತ್ರ ಅಲ್ಲಾಡಲಿಲ್ಲ.

ರಾಬಿನ್‌ವೇಲ್. ತೋಟದ ಗೇಟಿನವನು
'ಇಂಜಿನ್ ನಿಲ್ಲಿಸಿ ಸಹಿ ಹಾಕಿ' ಅಂದ.
'ನಿಲ್ಲಿಸಲ್ಲ' ಅಂದಳು ಲೋರ್ನಾ, ಕಿಟಕಿಯಿಂದ ಕೈ ಚಾಚಿದಳು.
ಬಿಳಿ ಹೂವಿನ ಸಾಲುಗಳ ನಡುವೆ ನಿಂತೆವು.
ಇನ್ನು ಇಳಿಸುವುದಷ್ಟೇ.
ಲೋಡರು ಹತ್ತಿ ಕೀಲಿ ತಿರುಗಿಸಿದೆ.

ಬಿಕ್ಕಿತು. ಏನೋ ಮರೆತವರ ಹಾಗೆ ನಿಂತಿತು.

ಓಬಳಯ್ಯ ಬಿಡಿಸಿದ ಗಾಳಿಯನ್ನು
ಹುಣಸೆಮರಕ್ಕೆ ಮೊಳೆ ಹೊಡೆದು ಕಟ್ಟುತ್ತಿದ್ದ.
ನಾನು ಎಲ್ಲಿಗೆ ಅಂತ ಕೇಳಿರಲಿಲ್ಲ.
ಲೋರ್ನಾ ನನ್ನ ಮುಖ ನೋಡಿದಳು,
ಸ್ಪ್ಯಾನರು ಚಾಚಿದಳು,
ಇನ್ನೊಂದು ಪೆಪ್ಪರ್‌ಮಿಂಟನ್ನೂ.